ಶಾಲೆ ತೊರೆದ ಉಪಾಧ್ಯಾಯರು
ಹರ್ಡೇಕರ ಮಂಜಪ್ಪನವರನ್ನು ನಾಡು ಕರ್ನಾಟಕದ ಗಾಂಧಿಯೆಂದು ಕೊಂಡಾಡಿತು. ನಾನಾದರೋ ಅವರನ್ನು ಉಪಾಧ್ಯಾಯರೆಂದೇ ನೆನೆಯುತ್ತೇನೆ. ೧೮೮೬ರಲ್ಲಿ ಬನವಾಸಿಯ ಬಡ ಮನೆಯಲ್ಲಿ ಜನಿಸಿದ ಅವರು ಶಿರಸಿಯಲ್ಲಿ ಶಾಲಾಮಾಸ್ತರರಾದರು. ಸ್ವದೇಶೀ ಚಳವಳಿಯ ಪ್ರೇರಣೆಯಿಂದ ಆ ಕೆಲಸವನ್ನು ಬಿಟ್ಟು, ೧೯೦೬ರಲ್ಲಿ ದಾವಣಗೆರೆಯಿಂದ ಧನುರ್ಧಾರಿ ವಾರಪತ್ರಿಕೆಯನ್ನು ಹೊರಡಿಸಿದರು. ಸಂಬಳದೊಡನೆ ತರಗತಿಯೂ ಹೋಯಿತು. ಬೋಧನೆ ಮಾತ್ರ ನಿಲ್ಲಲಿಲ್ಲ. ಮಕ್ಕಳಿಗೆ ಹೇಳುತ್ತಿದ್ದ ಪಾಠ ಈಗ ಹಿರಿಯರ ಕೈಗೆ ಪತ್ರಿಕೆಯಾಗಿ ಬಂತು. ೧೯೧೩ರಲ್ಲಿ ಮೃತ್ಯುಂಜಯಪ್ಪಗಳೊಡನೆ ಅದೇ ಊರಿನಲ್ಲಿ ಅವರು ಆರಂಭಿಸಿದ ಬಸವ ಜಯಂತಿ ಮನೆಮನೆಯ ಜನರನ್ನು ಒಂದೆಡೆ ಕೂಡಿಸಿತು. ಮುಂದೆ ಹರಿಹರದ ತುಂಗಭದ್ರಾ ತೀರದಲ್ಲಿ ಆಶ್ರಮ. ೧೯೨೭ರಿಂದ ಆಲಮಟ್ಟಿಯಲ್ಲಿ ವಿದ್ಯಾಲಯ. ೧೯೪೭ರ ಜನವರಿಯಲ್ಲಿ, ಸ್ವಾತಂತ್ರ್ಯವನ್ನು ಕಾಣದೆಯೇ ತೀರಿಕೊಂಡರು. ಶಾಲೆಯಲ್ಲಿ ಕಲಿತದ್ದು ಮನೆಯಲ್ಲಿ ಬಾಳಬೇಕಾದರೆ ಮನೆಯವರೂ ಕಲಿಯಬೇಕು. ಅವರ ಬಾಳಿನಿಂದ ನಾನರಿತದ್ದು ಇದು. ಇಂದಿನ ಉಪಾಧ್ಯಾಯರೂ ಇದನ್ನು ಮರೆಯಲಾಗದು.