ಕುಂಬಳಕಾಯಿ ಕೇಳಿದ ಕುಲಪತಿ

ಹತ್ತು ಗ್ರಾಂ ತೂಕದ ಉಂಗುರವನ್ನು ನಿಜಕ್ಕೂ ಶೂನ್ಯದಿಂದ ಸೃಷ್ಟಿಸಬೇಕಾದರೆ ಎಷ್ಟು ಶಕ್ತಿ ಬೇಕು? ಐನ್‌ಸ್ಟೀನ್ ಸಮೀಕರಣಕ್ಕೆ ಅಂಕಿ ಹಾಕಿದರೆ ಬರುವ ಉತ್ತರ ಸುಮಾರು 25 ಕೋಟಿ ಯೂನಿಟ್ ವಿದ್ಯುತ್. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿಗಿಂತ ಹತ್ತು ಪಟ್ಟು ಮಿಗಿಲು. ಕ್ಯಾಲ್ಕುಲೇಟರ್ ಹಿಡಿದ ಯಾವ ಬಿಇ ವಿದ್ಯಾರ್ಥಿಯಾದರೂ ಒಂದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ಆದರೆ ಕೈ ಬೀಸಿ ಉಂಗುರ ತೆಗೆಯುವವರ ಮುಂದೆ ನಿಂತಾಗ ಈ ಲೆಕ್ಕ ನಮಗೆ ನೆನಪಾಗುವುದಿಲ್ಲ. ನೆನಪಾದರೂ ಕೇಳಲು ಬಾಯಿ ಬರುವುದಿಲ್ಲ.

ಸುಮಾರು 50 ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಗೆ ನೆನಪಾಯಿತು, ಬಾಯಿಯೂ ಬಂತು. ಅವರು ಡಾ. ಎಚ್. ನರಸಿಂಹಯ್ಯ. ನಾಡಿನವರ ಬಾಯಲ್ಲಿ ಬರೀ ಎಚ್ಚೆನ್. ಅವರು ತೀರಿಕೊಂಡದ್ದು 2005ರ ಜನವರಿಯಲ್ಲಿ. ನಾನು ಹುಟ್ಟಿದ ವರ್ಷವೂ ಅದೇ. ಹಾಗಾಗಿ ನನ್ನ ವಯಸ್ಸಿನವರಿಗೆ ಎಚ್ಚೆನ್ ಎಂದರೆ ಹಳೆಯ ಫೋಟೊದಲ್ಲಿರುವ ಗಾಂಧಿ ಟೋಪಿ, ಖಾದಿ ಜುಬ್ಬಾ ಅಷ್ಟೇ. ಆ ಟೋಪಿಯ ಕೆಳಗಿದ್ದ ತಲೆಯ ಪರಿಚಯ ನಮಗಿಲ್ಲ.

1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಅವರು ಹುಟ್ಟಿದರು. ಊರಿನ ಶಾಲೆಯ ಓದು ಮುಗಿದಾಗ ಮುಂದೆ ಓದಲು ಬೆಂಗಳೂರಿಗೇ ಬರಬೇಕಿತ್ತು. ಪ್ರಯಾಣದ ಖರ್ಚಿಗೆ ದುಡ್ಡಿರಲಿಲ್ಲ. ಹುಡುಗ ಎರಡು ದಿನ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಓದಬೇಕೆಂಬ ಹಟ ಅಷ್ಟಿತ್ತು. ಅದೇ ಹುಡುಗ 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಕರೆ ಬಂದಾಗ ಆ ಓದನ್ನೇ ಬಿಟ್ಟು ಜೈಲಿಗೆ ಹೋದರು. ಹೊರಬಂದು ಭೌತಶಾಸ್ತ್ರದ ಪದವಿ ಪೂರೈಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು.

ಅಂಥ ಪದವಿ ಇದ್ದವರು ಅಲ್ಲೇ ಉಳಿಯಬಹುದಿತ್ತು. ಎಚ್ಚೆನ್ ವಾಪಸ್ ಬಂದರು, ಅದೇ ಕಾಲೇಜಿಗೆ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯೇ ಐದು ದಶಕಗಳಿಗೂ ಹೆಚ್ಚು ಕಾಲ ಅವರ ಮನೆಯಾಯಿತು. ಪ್ರಾಂಶುಪಾಲರಾದರು, ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೂ ನ್ಯಾಷನಲ್ ಕಾಲೇಜು ತಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಿಜ್ಞಾನಿಯೊಬ್ಬರು ಬಂದು ಮಾತಾಡಬೇಕು, ಯಾರು ಬೇಕಾದರೂ ಕೂತು ಕೇಳಬೇಕು. ವಿಜ್ಞಾನ ಪ್ರಯೋಗಾಲಯದಲ್ಲೇ ಉಳಿದರೆ ಸಾಲದು, ಬೀದಿಗೆ ಬರಬೇಕು ಎಂಬುದು ಅವರ ಆಸೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಒಂದು ಸಮಿತಿ ರಚಿಸಿದರು. ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ. ತುರ್ತು ಪರಿಸ್ಥಿತಿಯ ದಿನಗಳವು. ಪ್ರಶ್ನೆ ಕೇಳುವುದು ಆಗ ಅಗ್ಗದ ಕೆಲಸವಾಗಿರಲಿಲ್ಲ. ಅದರಲ್ಲೂ ಎಚ್ಚೆನ್ ಪತ್ರ ಬರೆದದ್ದು ಯಾರೋ ಮೂಲೆಯ ಮಂತ್ರವಾದಿಗಲ್ಲ, ದೇಶ ವಿದೇಶಗಳಲ್ಲಿ ಲಕ್ಷಾಂತರ ಭಕ್ತರಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ. ಬರಿಗೈಯಿಂದ ವಿಭೂತಿ, ಉಂಗುರ, ವಾಚು ಬರುವುದನ್ನು ಸಮಿತಿಯ ಮುಂದೆ ತೋರಿಸಿಕೊಡಬೇಕೆಂದು ವಿನಂತಿಸಿದರು. ಅಂಗೈಯಲ್ಲಿ ಅಡಗಿಸಬಹುದಾದ ವಸ್ತುವಿಗೆ ಬದಲು ಒಂದು ಕುಂಬಳಕಾಯಿ ಸೃಷ್ಟಿಸಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ ಎಂಬ ಅವರ ವಾದ ಊರೆಲ್ಲ ಮಾತಾಯಿತು. ಕೇಳಿದವರು ನಕ್ಕರು, ಆದರೆ ಅದು ಬರೀ ತಮಾಷೆಯಲ್ಲ. ಫಲಿತಾಂಶಕ್ಕೆ ಬೇರೆ ಕಾರಣಗಳಿರುವ ಸಾಧ್ಯತೆಯನ್ನು ಮೊದಲು ಮುಚ್ಚಬೇಕು ಎಂದು ಲ್ಯಾಬಿನಲ್ಲಿ ನಮಗೆ ಕಲಿಸುವುದೂ ಇದನ್ನೇ. ಕುಂಬಳಕಾಯಿ ತೋಳಿನೊಳಗೆ ಹಿಡಿಸುವುದಿಲ್ಲ ತಾನೇ?

ಪತ್ರಗಳಿಗೆ ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ಮಾತ್ರ ದೊಡ್ಡ ಚರ್ಚೆ ಎದ್ದಿತು. ಅಧ್ಯಾತ್ಮ ಇಂದ್ರಿಯಗಳಿಗೆ ನಿಲುಕದ್ದು, ವಿಜ್ಞಾನದ ಅಳತೆಗೋಲು ಅಲ್ಲಿ ನಡೆಯದು ಎಂಬುದು ಬಾಬಾ ಅವರ ಕಡೆಯ ವಾದ. ನಂಬಿಕೆಯಿಂದ ಜನರಿಗೆ ನೆಮ್ಮದಿ ಸಿಗುತ್ತದೆ, ಅವರ ಆಶ್ರಯದಲ್ಲಿ ಒಳ್ಳೆಯ ಕೆಲಸಗಳೂ ನಡೆಯುತ್ತಿವೆ, ನಿಮಗೇಕೆ ಈ ಉಸಾಬರಿ ಎಂದವರೂ ಇದ್ದರು.

ಈ ವಾದಗಳನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಜ್ಜಿ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತಾರೆ. ಆ ಐದು ನಿಮಿಷದಲ್ಲಿ ಅವರಿಗೆ ಸಿಗುವುದೇನು ಎಂದು ಅಳೆಯುವ ಉಪಕರಣ ನಮ್ಮ ಯಾವ ಲ್ಯಾಬಿನಲ್ಲೂ ಇಲ್ಲ, ಅಳೆಯಬೇಕಾಗಿಯೂ ಇಲ್ಲ. ಆದರೆ ಎಚ್ಚೆನ್ ಸಮಿತಿಯ ಹೆಸರನ್ನು ಇನ್ನೊಮ್ಮೆ ಓದಿ. ಪರೀಕ್ಷಿಸಲು ಸಾಧ್ಯವಿರುವುದು ಎಂಬ ಮಾತು ಅದರಲ್ಲೇ ಇದೆ. ದೇವರಿದ್ದಾನೋ ಇಲ್ಲವೋ ಎಂದು ಸಮಿತಿ ಕೇಳಲಿಲ್ಲ. ಅಜ್ಜಿಯ ದೀಪದ ತಂಟೆಗೂ ಹೋಗಲಿಲ್ಲ. ಉಂಗುರ ಎಂಬುದು ಇಂದ್ರಿಯಕ್ಕೆ ನಿಲುಕುವ ವಸ್ತು. ಅದಕ್ಕೆ ತೂಕವಿದೆ, ಬೆಲೆಯಿದೆ. ಸಾವಿರಾರು ಜನರ ಎದುರು ವಸ್ತುವೊಂದನ್ನು ತೋರಿಸಿ ಅದನ್ನೇ ದೈವತ್ವಕ್ಕೆ ಸಾಕ್ಷಿ ಎಂದ ಮೇಲೆ, ಸಾಕ್ಷಿಯನ್ನು ಪರಿಶೀಲಿಸುವ ಹಕ್ಕು ನೋಡುವವರಿಗೂ ಇರುತ್ತದಲ್ಲವೇ? ಮನೆಯೊಳಗಿನ ನಂಬಿಕೆಗೂ ಬಯಲಿನಲ್ಲಿ ಮಾಡುವ ಪ್ರತಿಪಾದನೆಗೂ ನಡುವೆ ಅವರು ಎಳೆದ ಗೆರೆ ಅದು.

1977ರಲ್ಲಿ ಎಚ್ಚೆನ್ ಕುಲಪತಿ ಹುದ್ದೆಯಿಂದ ಇಳಿದರು, ಸಮಿತಿಯ ಕೆಲಸವೂ ನಿಂತಿತು. ಕುಂಬಳಕಾಯಿ ಬರಲೇ ಇಲ್ಲ. ಹಾಗಾದರೆ ಅವರು ಸೋತರೇ? ಭಕ್ತರ ಸಂಖ್ಯೆಯನ್ನು ನೋಡಿದರೆ ಹೌದು ಎನ್ನಬೇಕು. ಆದರೆ ಇನ್ನೆರಡು ಸಂಗತಿಗಳನ್ನು ನೋಡಿ. ಸಮಿತಿ ಹುಟ್ಟಿದ 1976ರಲ್ಲೇ ಸಂವಿಧಾನಕ್ಕೆ 42ನೇ ತಿದ್ದುಪಡಿ ಬಂತು. ವೈಜ್ಞಾನಿಕ ಮನೋಭಾವ, ಮಾನವತಾವಾದ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಒಂದಾಯಿತು. ಎಚ್ಚೆನ್ ಮಾಡುತ್ತಿದ್ದ ಕೆಲಸ ನಮ್ಮೆಲ್ಲರ ಕೆಲಸವೆಂದು ದೇಶವೇ ಬರೆದುಕೊಂಡಂತಾಯಿತು. ಎರಡನೆಯದು, ಕರ್ನಾಟಕ 2017ರಲ್ಲಿ ಅಂಗೀಕರಿಸಿದ ವಾಮಾಚಾರ ತಡೆ ಕಾಯ್ದೆ. ನಿಧಿಯಾಸೆಗೆ ಹಿಂಸೆ ಮಾಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದು ಅದರಡಿ ಅಪರಾಧ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಅದು ಮುಟ್ಟುವುದಿಲ್ಲ. ಈ ಕಾಯ್ದೆಯೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಗೆರೆ ಎಳೆದಿದೆ.

ಕಾಯ್ದೆ ಇದ್ದ ಮಾತ್ರಕ್ಕೆ ಪ್ರಶ್ನೆ ತಾನಾಗಿ ಹುಟ್ಟುವುದಿಲ್ಲ. ನಮ್ಮ ಪಿಜಿಯಲ್ಲಿ ಕ್ಯಾಂಪಸ್ ಸಂದರ್ಶನದ ಸೀಸನ್ ಬಂದರೆ ಸಾಕು, ರಾಹುಕಾಲದ ಮೆಸೇಜುಗಳು ಹರಿದಾಡುತ್ತವೆ. ಒಬ್ಬ ಗೆಳೆಯ ಫೋನಿನಲ್ಲೇ ಜಾತಕ ಹೇಳಿಸಿಕೊಂಡು, ಯುಪಿಐ ಮೂಲಕ ದುಡ್ಡು ಕಳಿಸಿ ತಾಯತ ತರಿಸಿಕೊಂಡ. ಅವನು ದಡ್ಡನಲ್ಲ, ಸಿಗ್ನಲ್ಸ್ ಪಾಠವನ್ನು ನನಗೆ ಹೇಳಿಕೊಟ್ಟವನೇ ಅವನು. ಅವನಿಗೆ ಇದ್ದದ್ದು ಭಯ. ಮನೆಯ ಸಾಲ, ಅಪ್ಪನ ವಯಸ್ಸು, ಸಿಗದ ಕೆಲಸ. ತಾಯತ ಮಾರುವವರಿಗೆ ಈ ಭಯದ ವಿಳಾಸ ಚೆನ್ನಾಗಿ ಗೊತ್ತು.

ಎಚ್ಚೆನ್ ಬದುಕಿನಲ್ಲಿ ನನಗೆ ಇಲ್ಲಿ ಬಹಳ ಮುಖ್ಯವೆನಿಸುವುದು ಅವರ ಕುಂಬಳಕಾಯಿಗಿಂತ ಅವರ ಹಾಸ್ಟೆಲ್ ಕೋಣೆ. ಅವರು ಭಯಪಟ್ಟವರನ್ನು ಗೇಲಿ ಮಾಡಿ ಮನೆಗೆ ಹೋಗಿ ಮಲಗಿದವರಲ್ಲ. ತಮ್ಮಂತೆ ನಡೆದುಕೊಂಡು ಬರುವ ಹುಡುಗರಿಗಾಗಿ ಹಳ್ಳಿಗಳ ಹತ್ತಿರವೇ ಕಾಲೇಜು ತೆರೆದರು, ಹುಡುಗರ ನಡುವೆಯೇ ಬಾಳಿದರು. ತಾಯತ ಬಿಸಾಡು ಎನ್ನುವುದು ಸುಲಭ. ತಾಯತದ ಅಗತ್ಯ ಬೀಳದಂಥ ಧೈರ್ಯವನ್ನು ಓದಿನಿಂದ, ಜೊತೆಗಿರುವುದರಿಂದ ಕೊಡುವುದು ಕಷ್ಟ. ಮಾನವತಾವಾದ ಎಂಬ ದೊಡ್ಡ ಪದಕ್ಕೆ ನನಗೆ ಸಿಕ್ಕ ಅರ್ಥ ಇದು.

1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಕ್ಲಾಸಿನಲ್ಲಿ ಕೈ ಎತ್ತಲು ಅಂಜಿ, ಆಮೇಲೆ ಕ್ಯಾಂಟೀನಿನಲ್ಲಿ ಗುಸುಗುಸು ಮಾತಾಡುವ ನಾವು ಅದನ್ನು ಓದಬೇಕು. ಪ್ರಶ್ನೆ ಕೇಳಲು ಕುಲಪತಿಯೇ ಆಗಿರಬೇಕಿಲ್ಲ.