ಸಮಚಿತ್ತದ ಸಾಧಕ ಡಿ.ವಿ.ಜಿ.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಥೆನ್ಸ್ ನಗರದ ಚಿತ್ರಮಂಟಪವೊಂದರಲ್ಲಿ ಜೀನೋ ಎಂಬಾತನು ಬೋಧಿಸಿದ ತತ್ತ್ವಕ್ಕೆ ಸ್ಟೋಯಿಕ್ ದರ್ಶನವೆಂದು ಹೆಸರಾಯಿತು. ನಮ್ಮ ಅಧೀನದಲ್ಲಿರುವುದು ಯಾವುದು, ಅಧೀನವನ್ನು ಮೀರಿದುದು ಯಾವುದು ಎಂದು ವಿಂಗಡಿಸಿಕೊಂಡು, ಮೊದಲನೆಯದರಲ್ಲಿ ಕರ್ತವ್ಯನಿಷ್ಠೆಯನ್ನೂ ಎರಡನೆಯದರಲ್ಲಿ ಸಮಚಿತ್ತವನ್ನೂ ತಾಳಬೇಕೆಂಬುದು ಅದರ ಸಾರ. ದಾಸನಾಗಿ ಬಾಳಿದ್ದ ಎಪಿಕ್ಟೀಟಸನಿಗೂ ರೋಮಿನ ಚಕ್ರವರ್ತಿ ಮಾರ್ಕಸ್ ಆರೀಲಿಯಸನಿಗೂ ಇದೇ ಊರುಗೋಲಾಯಿತು. ಅಂಥ ಬಾಳಿನ ನಿದರ್ಶನವನ್ನು ಅರಸಿ ನಾವು ರೋಮಿನವರೆಗೆ ಹೋಗಬೇಕಾಗಿಲ್ಲ. ಬಸವನಗುಡಿಗೆ ಬಂದರೆ ಸಾಕು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯ ಕೆಲಸ, ಬೆಂಗಳೂರಿಗೆ ಬಂದ ಮೇಲೆ ಜಟಕಾ ಬಂಡಿಗಳಿಗೆ ಬಣ್ಣ ಹಚ್ಚುವ ಕೆಲಸ: ಮುಂದೆ ವಿದ್ವಾಂಸರ ಪಂಕ್ತಿಯಲ್ಲಿ ಕುಳಿತವರ ಆರಂಭ ಇಂಥದು. ಕೈಗೆ ಬಂದ ಕೆಲಸವನ್ನು ಅವರು ಹೀನವೆಂದೆಣಿಸಲಿಲ್ಲ. ಬಳಿಕ ಪತ್ರಿಕೋದ್ಯಮವನ್ನು ಹಿಡಿದು, 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ದಿವಾನರ ಸ್ನೇಹವಿದ್ದರೂ ಅಭಿಪ್ರಾಯಸ್ವಾತಂತ್ರ್ಯವನ್ನು ಬಿಟ್ಟುಕೊಡಲಿಲ್ಲ.

1924ರಲ್ಲಿ ಪತ್ನಿ ಭಾಗೀರಥಮ್ಮನವರು ಬೆಂಕಿಯ ಅವಘಡದಲ್ಲಿ ತೀರಿಕೊಂಡರು. ಗುಂಡಪ್ಪನವರಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ, ಮಕ್ಕಳು ಚಿಕ್ಕವರು. ಅವರು ಮತ್ತೆ ವಿವಾಹವಾಗಲಿಲ್ಲ. ವಿಧಿಯನ್ನು ಕುರಿತು ಪಾಂಡಿತ್ಯದಿಂದ ಮಾತನಾಡುವುದು ಸುಲಭ. ಅದು ಮನೆಯ ಹೊಸ್ತಿಲನ್ನು ದಾಟಿ ಬಂದಾಗ ಎದೆಗುಂದದೆ ನಿಲ್ಲುವುದು ಬೇರೆಯ ವಿದ್ಯೆ. 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದ 945 ಪದ್ಯಗಳು ಹೀಗೆ ನೊಂದು ಮಾಗಿದ ಜೀವವೊಂದರ ಫಲ. ಆದುದರಿಂದಲೇ ಅಲ್ಲಿಯ ಸಮಾಧಾನದಲ್ಲಿ ಉಪದೇಶಕನ ಬಿಗುಮಾನವಿಲ್ಲ. ತನ್ನನ್ನು ತಾನೇ ಮಂಕನೆಂದು ಕರೆದುಕೊಳ್ಳುವ ವಿನಯವಿದೆ.

ಇಲ್ಲೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಉದ್ವೇಗಗಳನ್ನು ಬೇರುಸಹಿತ ಕೀಳಬೇಕೆಂಬುದು ಆ ಗ್ರೀಕರ ಹಟ. ಗುಂಡಪ್ಪನವರಿಗಾದರೋ ಸಂಗೀತ ಬೇಕು, ಶಿಲ್ಪ ಬೇಕು, ಸವಿಯಾದ ಊಟ ಬೇಕು, ಗೆಳೆಯರ ಹರಟೆ ಬೇಕು. ಬೇಲೂರಿನ ಮದನಿಕೆಯರನ್ನು ಕಂಡು 'ಅಂತಃಪುರ ಗೀತೆ'ಗಳನ್ನು ಹಾಡಿದ ಕೈಯೇ ಕಗ್ಗವನ್ನೂ ಬರೆಯಿತು. ಹೃದಯವನ್ನು ಒಣಗಿಸಿ ಪಡೆದ ಶಾಂತಿ ಅವರದಲ್ಲ. ರಸವನ್ನು ಸವಿದು, ಅದಕ್ಕೆ ಅಡಿಯಾಳಾಗದೆ ಉಳಿದ ಶಾಂತಿ.

ವೈರಾಗ್ಯವನ್ನು ನೆಪಮಾಡಿಕೊಂಡು ಲೋಕಕಾರ್ಯದಿಂದ ನುಣುಚಿಕೊಳ್ಳಲೂ ಇಲ್ಲ. ಮೈಸೂರು ಸಂಸ್ಥಾನದ ಶಾಸನಸಭೆ, ವಿಶ್ವವಿದ್ಯಾನಿಲಯ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಇವೆಲ್ಲಕ್ಕೂ ದುಡಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಗರಿಕರು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಆ ಸಂಸ್ಥೆಗೇ ಒಪ್ಪಿಸಿಬಿಟ್ಟರು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ತಾವಾಗಿ ಬಂದುವು. 1975ರ ಅಕ್ಟೋಬರ್ 7ರಂದು ಅವರು ಕಣ್ಮುಚ್ಚಿದರು.

ಇಂದು ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಗಾಂಧಿ ಬಜಾರಿನ ಬಳಿಯ ರಸ್ತೆಗೆ ಅವರ ಹೆಸರಿದೆ. ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ಮುಖ ಬಾಡಿಸಿಕೊಂಡ ವಿದ್ಯಾರ್ಥಿಯು ಆ ರಸ್ತೆಯಲ್ಲಿ ನಡೆಯುವಾಗ, ಈ ಹೆಸರಿನವರೂ ಒಮ್ಮೆ ತೇರ್ಗಡೆಯಾಗದವರೇ ಎಂಬುದನ್ನು ನೆನೆದರೆ, ಆ ನಾಮಫಲಕವು ಸಾರ್ಥಕವಾದಂತೆಯೇ ಸರಿ.