ಶ್ರೀಯವರ ಇಂಗ್ಲಿಷ್ ಓದು

ನಾನು ಇಂಗ್ಲಿಷ್ ಸಾಹಿತ್ಯದ ಬಿ.ಎ. ಓದಿದುದರಲ್ಲಿ ಅರ್ಧಪಾಲು ಚಿಕ್ಕಬಾಣಾವರದ ರೈಲುನಿಲ್ದಾಣದ ಕಲ್ಲುಬೆಂಚಿನ ಮೇಲೆ ನಡೆಯಿತೆಂದರೆ ಅತಿಶಯೋಕ್ತಿಯಲ್ಲ. ೧೯೮೦ರ ದಶಕದ ಆ ದಿನಗಳಲ್ಲಿ ಇನ್ನೂ ಮೀಟರ್ ಗೇಜ್ ಹಳಿ. ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ಗಾಡಿ ತಡವಾದಷ್ಟೂ ಓದು ಹೆಚ್ಚುತ್ತಿತ್ತು. ಡ್ಯಾಫೊಡಿಲ್ ಹೂವನ್ನು ಕಣ್ಣಿನಿಂದ ಕಂಡಿರದ ನಾನು ಅದರ ಮೇಲೆ ಇಂಗ್ಲಿಷಿನಲ್ಲಿ ಪದ್ಯ ಹೊಸೆದೆ; ಊರಿನ ಹೊಲದಂಚಿನಲ್ಲಿ ಅರಳಿದ ಹುಚ್ಚೆಳ್ಳಿನ ಹಳದಿ ನನ್ನ ಗಮನಕ್ಕೆ ಬಂದಿರಲಿಲ್ಲ. ಅಜ್ಜಿಯೊಡನೆ ಆಡುವ ಮಾತಿನಲ್ಲಿ ಕವಿತೆ ಹುಟ್ಟೀತೆಂಬ ನಂಬಿಕೆಯೂ ಇರಲಿಲ್ಲ. ಮೇಷ್ಟರೊಬ್ಬರು ಆ ಪದ್ಯವನ್ನು ನೋಡಿ ವ್ಯಾಕರಣ ಶುದ್ಧವಾಗಿದೆಯೆಂದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಅದೇ ವರ್ಷ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ನನ್ನ ಕೈಗೆ ಸಿಕ್ಕಿತು.

ಚಿಕ್ಕಬಾಣಾವರವನ್ನು ಹಾಯುವ ಇದೇ ಹಳಿಯ ಮೇಲೆ ತುಮಕೂರು, ಗುಬ್ಬಿಗಳನ್ನು ದಾಟಿ ಹೋದರೆ ಸಂಪಿಗೆ ರಸ್ತೆಯೆಂಬ ಸಣ್ಣ ನಿಲ್ದಾಣ ಸಿಗುತ್ತದೆ. ಆ ಸಂಪಿಗೆಯಲ್ಲಿ ೧೮೮೪ರ ಜನವರಿ ೩ರಂದು ಶ್ರೀಕಂಠಯ್ಯನವರು ಹುಟ್ಟಿದರು. ಮನೆತನ ನಾಗಮಂಗಲ ಸೀಮೆಯ ಬೆಳ್ಳೂರಿನದು. ತಂದೆ ಮೈಲಾರಯ್ಯನವರು ವಕೀಲರು. ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ೧೯೦೩ರಲ್ಲಿ ಬಿ.ಎ. ಮುಗಿಸಿದರು. ಮೈಸೂರಿಗೆ ಆಗ ತನ್ನದೇ ವಿಶ್ವವಿದ್ಯಾನಿಲಯವಿರಲಿಲ್ಲ. ಪರೀಕ್ಷೆ, ಪದವಿ ಎಲ್ಲವೂ ಮದರಾಸಿನವು. ಕಾನೂನನ್ನೂ ಎಂ.ಎ.ಯನ್ನೂ ಮುಗಿಸಿದ ಮೇಲೆ, ವಕೀಲಿಯನ್ನು ಬಿಟ್ಟು, ೧೯೦೯ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಂಗ್ಲಿಷ್ ಪ್ರಾಧ್ಯಾಪಕನೆಂದರೆ ಆ ಕಾಲದಲ್ಲಿ ಕನ್ನಡದಿಂದ ಒಂದು ಮೆಟ್ಟಲು ಮೇಲೇರಿ ನಿಂತವನು. ಏರಿದವರು ಕೆಳಗಿಳಿಯುವುದು ಅಪರೂಪ. ಶ್ರೀಯವರಾದರೋ ಕೆಲಸಕ್ಕೆ ಸೇರಿದ ಎರಡೇ ವರ್ಷದಲ್ಲಿ, ೧೯೧೧ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯಿಂದ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಷೇಕ್ಸ್‌ಪಿಯರನನ್ನೂ ಷೆಲ್ಲಿಯನ್ನೂ ಓದುವಾಗ ಅವರನ್ನು ಬಾಧಿಸಿದ ಪ್ರಶ್ನೆ ಒಂದೇ ಇರಬೇಕೆಂದು ನನಗೆ ತೋರುತ್ತದೆ: ಈ ಮಾತು ನಮ್ಮವರ ಬಾಯಲ್ಲಿ ಹೇಗಿದ್ದೀತು? ಪರೀಕ್ಷೆಗಾಗಿ ಓದುವವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ.

೧೯೨೧ರಲ್ಲಿ ಸಣ್ಣದಾಗಿ ಹೊರಟು, ೧೯೨೬ರಲ್ಲಿ ಬೆಳೆದು ಬಂದ ‘ಇಂಗ್ಲಿಷ್ ಗೀತಗಳು’ ಆ ಪ್ರಶ್ನೆಗೆ ಉತ್ತರ. ಇಂಥ ಯತ್ನದಲ್ಲಿ ಅವರೇ ಮೊದಲಿಗರಲ್ಲ. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಷ್ಟು ಹಿಂದೆಯೇ ಆದಿಪ್ರಾಸವನ್ನು ತೊರೆದಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ ೧೯೧೯ರಲ್ಲಿ ಬಂದಿತ್ತು. ಆದರೂ ಶ್ರೀಯವರ ಪುಸ್ತಕದಿಂದ ಆದುದು ಬೇರೆ. ಇಂಗ್ಲಿಷ್ ಪದ್ಯ ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಕನ್ನಡಕ್ಕೆ ಆ ಒತ್ತಿಲ್ಲ, ಅದಕ್ಕಿರುವುದು ಮಾತ್ರೆ. ಶ್ರೀಯವರು ಷಟ್ಪದಿ ರಗಳೆಗಳಲ್ಲಿ ದುಡಿದು ಹಣ್ಣಾಗಿದ್ದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನೇ ಎತ್ತಿಕೊಂಡರು. ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬರಲೇಬೇಕೆಂಬ ಕಟ್ಟನ್ನು ಸಡಿಲಿಸಿದರು; ಸಾಲಿನ ಕೊನೆಗೆ ಗಣವೊಂದನ್ನು ಅರ್ಧಕ್ಕೆ ನಿಲ್ಲಿಸಿ ಉಸಿರಿಗೆ ಎಡೆಮಾಡಿದರು; ಸಾಲುಗಳನ್ನು ಉದ್ದ ಗಿಡ್ಡವಾಗಿ ಬೇಕಾದಂತೆ ಹೆಣೆದರು. ಸರಕು ಹಳೆಯದು, ಕಟ್ಟಡ ಹೊಸದು. ಕುಮಾರವ್ಯಾಸನನ್ನು ಕಿವಿಯಲ್ಲಿ ತುಂಬಿಕೊಳ್ಳದವನಿಂದ ಈ ಕೆಲಸ ಆಗುತ್ತಿರಲಿಲ್ಲ.

ವಸ್ತುವಿನ ಮಾತೂ ಇದೆ. ಥಾಮಸ್ ಹುಡ್ಡನ ಪದ್ಯವೊಂದನ್ನು ಅವರು ‘ದುಃಖಸೇತು’ವಾಗಿ ತಂದರು. ಬಾಳಿನಲ್ಲಿ ಸೋತು ನದಿಗೆ ಬಿದ್ದು ಸತ್ತ, ಹೆಸರಿಲ್ಲದ ಹೆಣ್ಣೊಬ್ಬಳ ಕಥೆ ಅದು. ರಾಜರ ಪುರಾಣಪುರುಷರ ಕಾವ್ಯಗಳಿಗೆ ಒಗ್ಗಿದ್ದ ಪಂಡಿತರಿಗೆ ಇಂಥ ನಾಯಿಕೆ ಹೊಸಬಳು. ನಮ್ಮ ಜನಪದದಲ್ಲಿ ಕೆರೆಗೆ ಹಾರವಾದ ಭಾಗೀರಥಿಯಿದ್ದಳು, ನಿಜ. ಆದರೆ ಅವಳನ್ನು ಕಾಲೇಜಿನ ಬಾಗಿಲೊಳಗೆ ಆಗ ಯಾರು ಬಿಟ್ಟಿದ್ದರು? ಆ ಪದ್ಯವನ್ನು ನಾನು ಮೊದಲು ಓದಿದ್ದು ಕನ್ನಡದಲ್ಲಿ. ಇಂಗ್ಲಿಷ್ ಮೂಲವನ್ನು ಆಮೇಲೆ ಹುಡುಕಿಕೊಂಡು ಹೋದೆ. ಇಂಗ್ಲಿಷ್ ಬಿ.ಎ. ವಿದ್ಯಾರ್ಥಿಗೆ ಇದು ತಲೆಕೆಳಗಾದ ದಾರಿಯೆಂದು ಗೆಳೆಯರು ನಕ್ಕರು.

ಗೀತದಲ್ಲಿ ಮಾಡಿದುದನ್ನು ಶ್ರೀಯವರು ನಾಟಕದಲ್ಲಿಯೂ ಮಾಡಿದರು. ಗ್ರೀಕ್ ರುದ್ರನಾಟಕಗಳ ಅಭ್ಯಾಸದಿಂದ ಹದಗೊಂಡ ಕಣ್ಣಿಗೆ ರನ್ನನ ದುರ್ಯೋಧನನಲ್ಲಿ ದುರಂತ ನಾಯಕನು ಕಂಡನು. ರನ್ನನ ಪದ್ಯಗಳನ್ನೇ ಬಳಸಿ ೧೯೨೬ರಲ್ಲಿ ‘ಗದಾಯುದ್ಧ ನಾಟಕ’ವನ್ನು ಕಟ್ಟಿದರು. ನಾಗಚಂದ್ರನ ರಾವಣನನ್ನು ಕುರಿತು ಬರೆದ ಪ್ರಬಂಧದಲ್ಲಿಯೂ ಅದೇ ನೋಟ. ಸೊಫೋಕ್ಲಿಸನ ಅಯಾಸನು ಅವರ ಕೈಯಲ್ಲಿ ಮಹಾಭಾರತದ ಅಶ್ವತ್ಥಾಮನಾದನು. ೧೯೩೫ರಲ್ಲಿ ಈಸ್ಕಿಲಸನ ನಾಟಕ ‘ಪಾರಸಿಕರು’ ಆಗಿ ಬಂದಿತು. ಮನೆಯಲ್ಲಿದ್ದುದನ್ನು ಕಾಣಲು ಇಷ್ಟು ದೂರ ಹೋಗಿ ಬರಬೇಕಾಯಿತು ನೋಡಿ.

೧೯೨೬ರಿಂದ ೧೯೩೦ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರು. ಕನ್ನಡ ಎಂ.ಎ. ತರಗತಿ ೧೯೨೭ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ತೆರೆದುದಕ್ಕೆ ಅವರ ಪ್ರಯತ್ನ ಮುಖ್ಯ ಕಾರಣ. ಮೊದಲ ತಂಡದಲ್ಲಿದ್ದವರು ಕುವೆಂಪು. ಅವರೂ ಹುಡುಗತನದಲ್ಲಿ ಇಂಗ್ಲಿಷಿನಲ್ಲಿಯೇ ಕವಿತೆ ಬರೆದವರು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯ ಕಡೆಗೆ ತಿರುಗಿಸಿದರು. ತಿರುಗಿ ನೋಡಿದಾಗ ಹೊಸ ಕವಿತೆಗೆ ಬೇಕಾದ ಛಂದಸ್ಸು ಕನ್ನಡದಲ್ಲಿ ಆಗಲೇ ಸಿದ್ಧವಾಗುತ್ತಿತ್ತು.

ಶ್ರೀಯವರ ಸ್ವಂತ ಕವಿತೆ ಕಡಮೆಯೆಂಬ ಆಕ್ಷೇಪಣೆಯನ್ನು ನಾನೂ ಒಪ್ಪುತ್ತೇನೆ. ‘ಹೊಂಗನಸುಗಳು’ ತೆಳ್ಳನೆಯ ಪುಸ್ತಕ. ತಾವು ಬರೆಯಬಹುದಾಗಿದ್ದ ಕಾಲವನ್ನು ಶಿಷ್ಯರಿಗೂ ಸಭೆಗಳಿಗೂ ಕಡತಗಳಿಗೂ ಕೊಟ್ಟರು. ೧೯೨೮ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ೧೯೩೦ರಿಂದ ೧೯೪೨ರವರೆಗೆ, ತಾವೇ ಓದಿದ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕತನ. ಜೊತೆಗೆ ಸಾಹಿತ್ಯ ಪರಿಷತ್ತಿನ ಭಾರ. ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಕನ್ನಡಕ್ಕೆ ಬೇರೆಯ ಎಂ.ಎ. ದೊರೆತ ಮೇಲೆ ಇಂಗ್ಲಿಷ್ ತರಗತಿಯವರು ರನ್ನನ ಹೊಣೆ ತಮ್ಮದಲ್ಲವೆಂದು ನಿಶ್ಚಿಂತರಾದರು. ಅವರು ತೆರೆದ ಬಾಗಿಲ ಪಕ್ಕದಲ್ಲಿ ನಾವು ಗೋಡೆ ಎಬ್ಬಿಸಿದೆವು.

ಶಿಷ್ಯರೂ ಅಭಿಮಾನಿಗಳೂ ೧೯೪೧ರಲ್ಲಿ ‘ಸಂಭಾವನೆ’ ಗ್ರಂಥವನ್ನು ಅರ್ಪಿಸಿದರು. ನಿವೃತ್ತರಾದ ಮೇಲೆ, ಅರುವತ್ತರ ವಯಸ್ಸಿನಲ್ಲಿ, ಧಾರವಾಡದಲ್ಲಿ ಹೊಸದಾಗಿ ಆರಂಭವಾಗಿದ್ದ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಇಪ್ಪತ್ತೇಳರ ತರುಣರಾಗಿ ಕನ್ನಡದ ಪರವಾಗಿ ನಿಂತು ಮಾತಾಡಿದ ಊರಿನಲ್ಲಿಯೇ ೧೯೪೬ರ ಜನವರಿ ೫ರಂದು ತೀರಿಕೊಂಡರು.

ಚಿಕ್ಕಬಾಣಾವರದ ಸುತ್ತ ಈಗ ಕಾಲೇಜುಗಳೇ ಕಾಲೇಜುಗಳು. ೨೦೧೭ರಿಂದ ಹಾಸನದ ಗಾಡಿಗಳೂ ಇಲ್ಲಿಂದಲೇ ಕವಲೊಡೆಯುತ್ತವೆ. ನಾನೂ ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ತುಮಕೂರಿನ ಕಡೆಯಿಂದ ದಿನವೂ ರೈಲಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಹೋದ ತಿಂಗಳು ಎರಡು ಪದ್ಯಗಳನ್ನು ತಂದು ತೋರಿಸಿದಳು. ಒಂದು ಇಂಗ್ಲಿಷಿನದು, ಹಿಮ ಬೀಳುವುದನ್ನು ಕುರಿತದ್ದು. ಇನ್ನೊಂದು, ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿದ್ದು, ಗಾಡಿಯಲ್ಲಿ ಕಡಲೆಕಾಯಿ ಮಾರುವ ಹೆಂಗಸನ್ನು ಕುರಿತು ಕನ್ನಡದಲ್ಲಿತ್ತು. ಅದನ್ನು ನನಗೆ ತೋರಿಸಬೇಕೆಂದು ಅವಳು ತಂದಿರಲಿಲ್ಲವಂತೆ. ಅವೆನ್ಯೂ ರಸ್ತೆಯ ನನ್ನ ಆ ಪ್ರತಿಯನ್ನು ಅವಳಿಗೆ ಕೊಟ್ಟಿದ್ದೇನೆ. ಇನ್ನೂ ಹಿಂದಿರುಗಿ ಬಂದಿಲ್ಲ.